ಬೆಳ್ಳಿ ಎರಡಾಣೆ, ಪಾವಲಿ: ತೂಕಕ್ಕೆ ಕೊಳ್ಳೋ ಮುಂಚೆ ಏನೇನು ನೋಡಬೇಕು? (ತುಮಕೂರು)

ಎರಡಾಣೆ_ಹುಡುಗ:
ಎಲ್ಲರಿಗೂ ನಮಸ್ಕಾರ. ತುಮಕೂರಿನ ಬೆಳ್ಳಿ ಅಂಗಡಿಯೊಂದರಲ್ಲಿ ಬ್ರಿಟಿಷ್ ಕಾಲದ 37 ಸಣ್ಣ ನಾಣ್ಯ ಒಟ್ಟಿಗೆ ಮಾರಾಟಕ್ಕಿವೆ. ಮುಂಗಡ ಇಟ್ಟುಕೊಂಡು, ಎರಡು ದಿನ ಮನೆಯಲ್ಲಿ ನೋಡಿ ಹೇಳಿ ಅಂದಿದ್ದಾರೆ. ಬಿಡಿಬಿಡಿಯಾಗಿ ಕೊಡಲ್ಲ, ಒಟ್ಟು ತೂಕಕ್ಕೆ "92 ಬೆಳ್ಳಿ" (ಅಂದ್ರೆ ನೂರಕ್ಕೆ 92 ಪಾಲು ಬೆಳ್ಳಿ) ದರ ಹಾಕ್ತಾರಂತೆ.

ಎರಡಾಣೆ 24, ಪಾವಲಿ (ಅಂದ್ರೆ ನಾಲ್ಕಾಣೆ, ಕಾಲು ರೂಪಾಯಿ) 11, ಏನು ಅಂತ ಗೊತ್ತಾಗದ್ದು 2. ಪಾವಲಿಗಳಲ್ಲಿ 4 ಆರನೇ ಜಾರ್ಜ್ ಕಾಲದ್ದು, 1943ರಿಂದ 1945. ಒಂದು ಎರಡಾಣೆ ಮೇಲೆ ಅರಿಶಿನ ಕುಂಕುಮ ಗಟ್ಟಿಯಾಗಿ ಕೂತಿದೆ. ಒಂದು ಪಾವಲಿಗೆ ಕೊಂಡಿ ಬೆಸೆದಿದ್ದಾರೆ.

ಖೋಟಾ ಇದ್ದರೆ ಕಂಡುಹಿಡಿಯೋದು ಹೇಗೆ? ಎಲ್ಲದಕ್ಕೂ ಒಂದೇ ದರ ಕೊಡೋದು ಸರಿನಾ? ನನ್ನ ಹತ್ತಿರ 0.01 ಗ್ರಾಂ ತೋರಿಸೋ ಚಿಕ್ಕ ತಕ್ಕಡಿ, 10 ಪಟ್ಟು ಭೂತಗನ್ನಡಿ ಇವೆ.

ಪಾವಲಿ_ಕೋಲಾರ:
ಒಂದೇ ದರಕ್ಕೆ ಒಪ್ಪಲೇಬೇಡಿ. 1943–45ರ ಪಾವಲಿ ಅರ್ಧ ಬೆಳ್ಳಿ.

ಹಳೇಬಿಲ್ಲೆ:
ಮೊದಲು ಪೀತಾಂಬರಿ ಹಾಕಿ ಉಜ್ಜಿ ನೋಡಿ ಸಾರ್, ಬೆಳ್ಳಿಯಾದ್ರೆ ಹೊಳೆಯುತ್ತೆ, ಬೇರೆಯಾದ್ರೆ ಮಂಕಾಗೇ ಇರುತ್ತೆ.

ಟಂಕಸಾಲೆ:
ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಪೀತಾಂಬರಿ, ಹುಣಸೆಹಣ್ಣು, ಟೂತ್‌ಪೇಸ್ಟ್, ವಿಭೂತಿ ಎಲ್ಲವೂ ಉಜ್ಜಿ ಸವೆಸುವ ಪದಾರ್ಥಗಳೇ ಅಥವಾ ಹುಳಿಯೇ. ಎರಡಾಣೆ ಹೊಸದಾಗಿದ್ದಾಗಲೇ 1.46 ಗ್ರಾಂ. ರಾಣಿಯ ಕೂದಲಿನ ಗೆರೆ, ಕಿರೀಟದ ಮುತ್ತು ಇವೆಲ್ಲ ಕೂದಲೆಳೆಯಷ್ಟೂ ಎತ್ತರ ಇರಲ್ಲ. ಒಂದು ಸಲ ಉಜ್ಜಿದರೆ ಸಂಗ್ರಾಹಕರಿಗೆ ಅದು ಸತ್ತ ನಾಣ್ಯ, ಕರಗಿಸೋ ಬೆಲೆ ಮಾತ್ರ. ಅದೂ ಅಲ್ಲದೆ ಜರ್ಮನ್ ಸಿಲ್ವರ್ (ತಾಮ್ರ, ನಿಕ್ಕಲ್, ಸತು ಬೆರೆಸಿದ್ದು, ಬೆಳ್ಳಿಯೇ ಇರಲ್ಲ) ಕೂಡ ಉಜ್ಜಿದರೆ ಬೆಳ್ಳಿಯಷ್ಟೇ ಹೊಳೆಯುತ್ತೆ. ಹಾಗಾಗಿ ಪರೀಕ್ಷೆಯೂ ಆಗಲಿಲ್ಲ, ನಾಣ್ಯವೂ ಉಳೀಲಿಲ್ಲ.

ಹಳೇಬಿಲ್ಲೆ:
ಗೊತ್ತಿರಲಿಲ್ಲ ಸಾರ್. ಸರಿ ಹಾಗಾದ್ರೆ.

ಒರೆಗಲ್ಲು:
ತಕ್ಕಡಿ ಇದೆಯಲ್ಲ, ಅರ್ಧ ಕೆಲಸ ಆದಂತೆ. ಮೊದಲು ಅಳತೆಗಳನ್ನ ತಿಳ್ಕೊಳ್ಳಿ. ರೂಪಾಯಿ 11.66 ಗ್ರಾಂ, ಅಂದ್ರೆ ಸರಿಯಾಗಿ ಒಂದು ತೊಲ. ಎಂಟಾಣೆ 5.83, ಪಾವಲಿ 2.92, ಎರಡಾಣೆ 1.46. ಎಲ್ಲದರಲ್ಲೂ 12 ಪಾಲಿಗೆ 11 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಅದನ್ನೇ ಅಂಗಡಿಯವರು 92 ಅನ್ನೋದು. ಸವೆಯದ ಎರಡಾಣೆ ಎಂಟು ಸೇರಿದರೆ ಒಂದು ತೊಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತೆ.

ಒರೆಗಲ್ಲಿಗೆ ಉಜ್ಜಿಸೋಕೆ ಹೋಗಬೇಡಿ. ಅಂಚಿನಲ್ಲಿ ಗೀಚು ಉಳಿಯುತ್ತೆ. ಆಸಿಡ್ ತೊಟ್ಟು ಹಾಕಿಸೋದಂತೂ ಬೇಡವೇ ಬೇಡ. ನೀರಲ್ಲಿ ಮುಳುಗಿಸಿ ಸಾಂದ್ರತೆ ನೋಡಿ.

ಅಂಚೆಪೆಟ್ಟಿಗೆ:
ಎರಡಾಣೆ 1.40ಕ್ಕಿಂತ ಕಡಿಮೆ ತೂಗಿದರೆ ಖೋಟಾ ಅಂತ ಕೇಳಿದ್ದೆ. ಅಷ್ಟು ನೋಡಿದರೆ ಸಾಲದೇ?

ಒರೆಗಲ್ಲು:
ಸಾಲದು. ಎರಡಾಣೆ ಜೇಬಿನಲ್ಲಿ, ಸಂತೆಯಲ್ಲಿ, ಕೈಯಿಂದ ಕೈಗೆ ಹತ್ತಾರು ವರ್ಷ ಓಡಾಡಿದ ನಾಣ್ಯ. ರೂಪಾಯಿಯನ್ನ ಜನ ಗಡಿಗೆಯಲ್ಲಿ ಕೂಡಿಟ್ಟರು, ಎರಡಾಣೆಯನ್ನ ಖರ್ಚು ಮಾಡಿದರು. ಅದಕ್ಕೇ ರೂಪಾಯಿ ಚೆನ್ನಾಗಿ ಸಿಗುತ್ತೆ, ಒಳ್ಳೇ ಎರಡಾಣೆ ಸಿಗೋದು ಕಷ್ಟ. ಸವಕಳಿಯಿಂದ ಅಸಲಿ ನಾಣ್ಯವೇ 1.35ಕ್ಕೆ ಇಳಿದಿರಬಹುದು. ಸವೆದರೆ ತೂಕ ಇಳಿಯುತ್ತೆ, ಸಾಂದ್ರತೆ ಬದಲಾಗಲ್ಲ. ವ್ಯತ್ಯಾಸ ಅಲ್ಲಿದೆ.

ನಂದಿಬೆಟ್ಟ_ನಾಣ್ಯ:
ಚಿಕ್ಕಬಳ್ಳಾಪುರದಿಂದ. ಸಾಂದ್ರತೆ ನೋಡೋ ಕ್ರಮ ಬರೀತೀನಿ.

ಗಾಜಿನ ಲೋಟದಲ್ಲಿ ಮುಕ್ಕಾಲು ನೀರು ಹಾಕಿ ತಕ್ಕಡಿ ಮೇಲಿಡಿ. ಒಂದೇ ಒಂದು ತೊಟ್ಟು ಪಾತ್ರೆ ತೊಳೆಯೋ ಸೋಪು ನೀರಿಗೆ ಸೇರಿಸಿ. ತಕ್ಕಡಿಯನ್ನ ಸೊನ್ನೆ ಮಾಡಿ. ನಾಣ್ಯವನ್ನ ಸಣ್ಣ ನೈಲಾನ್ ದಾರದ ಕುಣಿಕೆಯಲ್ಲಿ ತೂಗುಹಾಕಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಗೋಡೆಗೂ ತಾಗದಂತೆ ಹಿಡೀರಿ. ಕೈ ನಡುಗುತ್ತೆ, ಅದಕ್ಕೆ ಒಂದು ಕಡ್ಡಿಯನ್ನ ಎರಡು ಡಬ್ಬಗಳ ಮೇಲಿಟ್ಟು ಅದಕ್ಕೆ ದಾರ ಕಟ್ಟಿ. ಆಗ ತಕ್ಕಡಿ ತೋರಿಸೋ ಸಂಖ್ಯೆಯೇ ನಾಣ್ಯ ಸರಿಸಿದ ನೀರಿನ ತೂಕ. ಒಣ ತೂಕವನ್ನ ಅದರಿಂದ ಭಾಗಿಸಿ.

92 ಬೆಳ್ಳಿಗೆ ಉತ್ತರ 10.3ರ ಹತ್ತಿರ ಬರಬೇಕು. 1943–45ರ ಅರ್ಧ ಬೆಳ್ಳಿಗೆ 9.5ರ ಆಸುಪಾಸು. ಜರ್ಮನ್ ಸಿಲ್ವರ್ 8.5ರಿಂದ 8.7.

ಎಡವೋದು ಗುಳ್ಳೆಯಲ್ಲಿ. ಅಕ್ಷರಗಳ ಸಂದಿಯಲ್ಲಿ ಗಾಳಿಗುಳ್ಳೆ ಅಂಟಿಕೊಂಡರೆ ಸರಿಸಿದ ನೀರು ಜಾಸ್ತಿ ತೋರಿಸುತ್ತೆ, ಸಾಂದ್ರತೆ ಇಳಿಯುತ್ತೆ, ಅಸಲಿ ನಾಣ್ಯವನ್ನ ಖೋಟಾ ಅಂತ ತೀರ್ಮಾನಿಸಿಬಿಡ್ತೀವಿ. ಸೋಪು ಹಾಕೋದು ಅದಕ್ಕೇ. ದಾರವನ್ನ ಎರಡು ಸಲ ಮೆಲ್ಲಗೆ ತಟ್ಟಿ, ಗುಳ್ಳೆ ಬಿಡುತ್ತೆ.

ಪಾವಲಿ_ಕೋಲಾರ:
ಕ್ರಮ ಸರಿ ಇದೆ ಅಣ್ಣ, ಆದರೆ 0.01ರ ತಕ್ಕಡಿಯಲ್ಲಿ ಒಂದೊಂದೇ ಎರಡಾಣೆಗೆ ಇದು ನಡೆಯಲ್ಲ. 1.46 ಗ್ರಾಂ ನಾಣ್ಯ ಸರಿಸೋದು 0.14 ಗ್ರಾಂ ನೀರು. ತಕ್ಕಡಿ ಒಂದು ಅಂಕ ಹೆಚ್ಚು ತೋರಿಸಿ 0.15 ಅಂದರೆ ಉತ್ತರ 9.7, ಒಂದು ಅಂಕ ಕಡಿಮೆ ತೋರಿಸಿ 0.13 ಅಂದರೆ 11.2. ಅಂಥ ಲೆಕ್ಕದಿಂದ ಏನು ಪ್ರಯೋಜನ?

ನಂದಿಬೆಟ್ಟ_ನಾಣ್ಯ:
ಜರ್ಮನ್ ಸಿಲ್ವರ್ ಆದರೆ 0.17 ತೋರಿಸುತ್ತೆ. 0.14ಕ್ಕೂ 0.17ಕ್ಕೂ ಮೂರು ಅಂಕ ಅಂತರ ಇದೆಯಲ್ಲ, ಅಷ್ಟು ಗೊತ್ತಾಗುತ್ತೆ.

ಪಾವಲಿ_ಕೋಲಾರ:
ಲೋಹ ಬೇರೆ ಅಂತ ಗೊತ್ತಾಗುತ್ತೆ, ಒಪ್ಪಿದೆ. ಬೆಳ್ಳಿ 92ಓ 80ಓ ಅಂತ ಗೊತ್ತಾಗಲ್ಲ. ಅದಕ್ಕೆ 0.001ರ ತಕ್ಕಡಿ ಬೇಕು.

ಒರೆಗಲ್ಲು:
ಇಬ್ಬರೂ ಸರಿ. ದಾರಿ ಇದೆ: ಎಂಟೆಂಟರ ಗುಂಪು ಮಾಡಿ. ಎಂಟು ಎರಡಾಣೆ ಸೇರಿ ಸರಿಸೋದು 1.13 ಗ್ರಾಂ ನೀರು, ಆಗ ಒಂದು ಅಂಕ ಆಚೀಚೆ ಆದರೂ ಉತ್ತರ 10.3ರ ಅಕ್ಕಪಕ್ಕವೇ ಇರುತ್ತೆ. ಸೊಳ್ಳೆಪರದೆ ತುಂಡಿನ ಪುಟ್ಟ ಚೀಲ ಮಾಡಿ, ಖಾಲಿ ಚೀಲ ಮುಳುಗಿಸಿಯೇ ಸೊನ್ನೆ ಮಾಡಿಕೊಳ್ಳಿ. ಗುಂಪಿನಲ್ಲಿ ಒಂದು ಜರ್ಮನ್ ಸಿಲ್ವರ್ ಸೇರಿದ್ದರೂ ಮೂರು ಅಂಕ ಹೆಚ್ಚು ತೋರಿಸುತ್ತೆ. ಹಾಗಾದರೆ ನಾಲ್ಕು ನಾಲ್ಕಾಗಿ ಒಡೀರಿ, ತಪ್ಪಿದ ಕಡೆಯದನ್ನ ಎರಡು ಎರಡಾಗಿ ಒಡೀರಿ. ಕೊನೆಗೆ ಕಳ್ಳ ಒಬ್ಬನೇ ಉಳೀತಾನೆ.

ಕೊಂಡಿ ಬೆಸೆದ ಪಾವಲಿಯನ್ನ ಗುಂಪಿಗೆ ಸೇರಿಸಬೇಡಿ. ಬೆಸುಗೆಯಲ್ಲಿ ಸತು ಇರುತ್ತೆ, ತೂಕವೂ ಸಾಂದ್ರತೆಯೂ ಕೆಡುತ್ತೆ. ಅರಿಶಿನ ಕೂತಿರೋದನ್ನ ತೊಳೆದ ಮೇಲೆ ಸೇರಿಸಿ.

ಮಧುಗಿರಿ_ಮೇಷ್ಟ್ರು:
ಗೊತ್ತಾಗದ ಎರಡು ನಾಣ್ಯ ಹೇಗಿವೆ, ಅದನ್ನೂ ಹೇಳಪ್ಪ. ಅವುಗಳಿಗೆ ಆಯಸ್ಕಾಂತ ಹಿಡಿದು ನೋಡು.

ಎರಡಾಣೆ_ಹುಡುಗ:
ಹಿಡಿದೆ ಮೇಷ್ಟ್ರೇ. ಒಂದು ಪಟ್ಟನೆ ಅಂಟಿತು. ಪಾವಲಿ ಗಾತ್ರ, ಹಿಂದೆ ಹುಲಿ, 1946. ಇನ್ನೊಂದು ಅಂಟಲಿಲ್ಲ. ಎರಡಾಣೆ ಗಾತ್ರ, 1.16 ಗ್ರಾಂ, ವಿಕ್ಟೋರಿಯಾ ತಲೆ, ಹಿಂದೆ ಒಂದು ಮರ, 1894.

ಮಧುಗಿರಿ_ಮೇಷ್ಟ್ರು:
ಹುಲಿ ಇರೋದು ಪಾವಲಿಯೇ, ಆದರೆ ನಿಕ್ಕಲ್‌ದು. 1946 ಮತ್ತು 47ರಲ್ಲಿ ಬೆಳ್ಳಿ ಪೂರ್ತಿ ಬಿಟ್ಟು ನಿಕ್ಕಲ್‌ನಲ್ಲಿ ಟಂಕಿಸಿದರು. ಶುದ್ಧ ನಿಕ್ಕಲ್ ಆಯಸ್ಕಾಂತಕ್ಕೆ ಅಂಟುತ್ತೆ. ಅದಕ್ಕೆ ಬೆಳ್ಳಿ ದರ ಒಂದು ಪೈಸೆಯೂ ಕೊಡಬೇಡ.

ಟಂಕಸಾಲೆ:
ಮರ ಇರೋದು ಸಿಲೋನ್‌ದು. ಹತ್ತು ಸೆಂಟ್, ತಾಳೆ ಜಾತಿಯ ಮರ. ಸಿಲೋನ್‌ನಲ್ಲಿ 1872ರಿಂದಲೇ ರೂಪಾಯಿಗೆ ನೂರು ಸೆಂಟ್ ಲೆಕ್ಕ, ಆಣೆ ಇರಲಿಲ್ಲ. ಹೊಸದರಲ್ಲಿ ಸುಮಾರು 1.17 ಗ್ರಾಂ, 80 ಬೆಳ್ಳಿ. ನಿಮ್ಮದು ಬಹಳ ಸವೆದಿಲ್ಲ ಅಂತಾಯ್ತು. ಎರಡಾಣೆ ಗುಂಪಿಗೆ ಇದೂ ಸೇರಬಾರದು. ಇದೇ ಗಾತ್ರಕ್ಕೆ ಸ್ಟ್ರೈಟ್ಸ್ ಸೆಟ್ಲ್‌ಮೆಂಟ್ಸ್‌ನ ಐದು ಸೆಂಟ್ ಕೂಡ ಬರುತ್ತೆ, ಸಿಂಗಪುರ ಮಲಯ ಕಡೆಯದ್ದು, 1.36 ಗ್ರಾಂ. ಸವೆದ ಎರಡಾಣೆ ಅಂದುಕೊಂಡು ಬಿಟ್ಟುಬಿಡೋ ಸಾಧ್ಯತೆ ಹೆಚ್ಚು. ಹಿಂಬದಿಯ ಅಕ್ಷರ ಓದದೆ ತೂಕಕ್ಕೆ ಇಡಬೇಡಿ.

ಅಂಚೆಪೆಟ್ಟಿಗೆ:
ವಿಷಯ ಬಿಟ್ಟು ಒಂದು ಮಾತು. ನಯಾಪೈಸೆ ಬಂದಾಗ ಎರಡಾಣೆಗೆ ಹನ್ನೆರಡೂವರೆ ಪೈಸೆ ಅಲ್ವಾ? ಆ ಅರ್ಧ ಪೈಸೆ ಏನ್ಮಾಡಿದರು?

ಮಧುಗಿರಿ_ಮೇಷ್ಟ್ರು:
ಲೆಕ್ಕಕ್ಕೆ ಹನ್ನೆರಡೂವರೆ, ಕೈಗೆ ಹನ್ನೆರಡು. 1957ರ ಏಪ್ರಿಲ್ 1ರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ನಯಾಪೈಸೆ ಅಂತ ಸರ್ಕಾರದ ಕೋಷ್ಟಕವೇ ಇತ್ತು. ಪಾವಲಿ ಮಾತ್ರ ಸರಿಯಾಗಿ ಕೂತಿತು. ಅದಕ್ಕೇ 25 ಪೈಸೆಗೆ ನಾಲ್ಕಾಣೆ ಅನ್ನೋ ಹೆಸರು ಅಷ್ಟು ದಿನ ಉಳೀತು.

ಹಳೇಬಿಲ್ಲೆ:
ಎರಡಾಣೆಯಲ್ಲಿ ಬೆಳ್ಳಿ ಯಾವಾಗ ನಿಂತಿತು? ಚೌಕದ ಎರಡಾಣೆ ನೋಡಿದೀನಿ, ಅದು ಬೆಳ್ಳಿನಾ?

ಟಂಕಸಾಲೆ:
ಅಲ್ಲ. ಚೌಕದ್ದು ತಾಮ್ರ-ನಿಕ್ಕಲ್, 1918ರಿಂದ ಶುರು. ಬೆಳ್ಳಿ ಎರಡಾಣೆಗೆ 1917 ಕೊನೇ ಇಸವಿ. ಕಾರಣ ಮೊದಲನೇ ಮಹಾಯುದ್ಧ. ಬೆಳ್ಳಿ ಬೆಲೆ ಏರಿತು, ರೂಪಾಯಿಗೆ ಬೇಡಿಕೆ ವಿಪರೀತ ಆಯ್ತು. 1917ರ ನವೆಂಬರ್ 30ಕ್ಕೆ ಒಂದು ರೂಪಾಯಿ ನೋಟನ್ನೇ ಹೊರಡಿಸಿದರು. 1918ರಲ್ಲಿ ಅಮೆರಿಕದವರು ಪಿಟ್‌ಮನ್ ಕಾಯ್ದೆ ಮಾಡಿ 25 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್ ಕರಗಿಸಿ ಇಂಡಿಯಾಕ್ಕೆ ಅಂತ ಮಾರಿದರು. ಅಷ್ಟು ಬಿಗಿ ಇದ್ದಾಗ ಎರಡಾಣೆಗೆ ಬೆಳ್ಳಿ ಹಾಕೋದು ಯಾರಿಗೆ ಸಾಧ್ಯ? ನಾಲ್ಕಾಣೆಯೂ 1919ರಿಂದ 1921ರವರೆಗೆ ತಾಮ್ರ-ನಿಕ್ಕಲ್‌ನಲ್ಲಿ ಬಂತು, ಅಂಚು ಅಲೆಅಲೆಯಾಗಿರೋದು. ಪಾವಲಿ ಆಮೇಲೆ ಬೆಳ್ಳಿಗೆ ವಾಪಸ್ ಬಂತು, ಎರಡಾಣೆ ಬರಲೇ ಇಲ್ಲ.

ಪಾವಲಿ_ಕೋಲಾರ:
ಆ ಚೌಕದ ಎರಡಾಣೆ ಮೇಲೆ ಉರ್ದು, ನಾಗರಿ, ಬಂಗಾಳಿ, ತೆಲುಗು ಇದೆ. ಕನ್ನಡ ಇಲ್ಲ. ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಓದುವವರಿದ್ದರು, ಉಳಿದ ಮೈಸೂರು ಸೀಮೆಯವರು ಆಕಾರ ನೋಡಿಯೇ ಗುರುತಿಸಬೇಕಿತ್ತು.

ಎರಡಾಣೆ_ಹುಡುಗ:
ಎಂಟೆಂಟರ ಲೆಕ್ಕ ಮಾಡಿದೆ. ಅರಿಶಿನದ್ದನ್ನ ನೀರಲ್ಲಿ ನೆನೆಸಿ ಬಿಡಿಸಿದ ಮೇಲೆ ಸೇರಿಸಿದ್ದೀನಿ.
ಮೊದಲ ಗುಂಪು: ಒಣ ತೂಕ 11.31, ನೀರು 1.09.
ಎರಡನೇದು: 11.38, ನೀರು 1.13.
ಮೂರನೇದು: 11.22, ನೀರು 1.09.
ಎರಡನೇದರಲ್ಲಿ ಏನೋ ಇದೆ ಅನ್ನಿಸ್ತಿದೆ.

ಒರೆಗಲ್ಲು:
ಒಂದನೇದು 10.4, ಮೂರನೇದು 10.3. ಅವೆರಡೂ ಸರಿ. ಎರಡನೇದು 10.07. ಆ ತೂಕಕ್ಕೆ 1.10 ಬರಬೇಕಿತ್ತು, ಮೂರು ಅಂಕ ಹೆಚ್ಚು. ಒಡೀರಿ.

ಎರಡಾಣೆ_ಹುಡುಗ:
ನಾಲ್ಕು: 5.70ಕ್ಕೆ 0.55. ಇನ್ನೊಂದು ನಾಲ್ಕು: 5.68ಕ್ಕೆ 0.58. ಅದನ್ನ ಒಡೆದರೆ 2.85ಕ್ಕೆ 0.28, 2.83ಕ್ಕೆ 0.30. ಕೊನೆಗೆ ಒಂದು ಎರಡಾಣೆ 1.42 ಗ್ರಾಂ, ನೀರು 0.17. ಇಸವಿ 1897.

ನಂದಿಬೆಟ್ಟ_ನಾಣ್ಯ:
ತೂಕ ಎಷ್ಟು ಸರಿಯಾಗಿ ಹೊಂದಿಸಿದ್ದಾರೆ ನೋಡಿ! ತೂಕ ಒಂದನ್ನೇ ನಂಬಿದ್ದರೆ ದಾಟಿಹೋಗ್ತಿತ್ತು. ಭೂತಗನ್ನಡಿಯಲ್ಲಿ ನೆಲದ ಭಾಗ ನೋಡಿ, ಅಂದರೆ ಅಕ್ಷರ ಚಿತ್ರ ಇಲ್ಲದ ಬಯಲು. ಅಚ್ಚೊತ್ತಿದ ನಾಣ್ಯದಲ್ಲಿ ಅದು ನುಣುಪಾಗಿರುತ್ತೆ. ಎರಕ ಹೊಯ್ದದ್ದಾದರೆ ಸೂಜಿಮೊನೆ ಚುಚ್ಚಿದಂಥ ಕುಳಿಗಳು ಕಾಣುತ್ತವೆ, ಅಕ್ಷರದ ಬುಡ ಕರಗಿದ ಸೋಪಿನ ಥರ ದುಂಡಗಿರುತ್ತೆ. ಅಂಚಿನ ಸುತ್ತ ಜೋಡಣೆಯ ಗೆರೆ ಅಥವಾ ಅರ ಹಾಕಿ ಉಜ್ಜಿದ ಗುರುತು ಇದೆಯಾ ನೋಡಿ.

ಎರಡಾಣೆ_ಹುಡುಗ:
ಕುಳಿಗಳಿವೆ. ಅಂಚಲ್ಲಿ ಅರದ ಗುರುತೂ ಇದೆ.

ಒರೆಗಲ್ಲು:
ತೀರ್ಮಾನ ಆಯ್ತು. ಎರಕದ್ದು.

ಅಂಚೆಪೆಟ್ಟಿಗೆ:
ಹಾಲ್‌ಮಾರ್ಕ್ ಸೆಂಟರ್‌ನ ಯಂತ್ರದಲ್ಲಿಟ್ಟು ನೋಡಿದ್ದರೆ ಐದು ನಿಮಿಷದ ಕೆಲಸ ಅಲ್ವಾ?

ಒರೆಗಲ್ಲು:
ನಾಣ್ಯಕ್ಕೆ ಹಾನಿ ಇಲ್ಲ, ನಿಜ. ಆದರೆ ಆ ಯಂತ್ರ ಓದೋದು ಮೇಲ್ಮೈಯನ್ನ ಮಾತ್ರ. ಬೆಳ್ಳಿ ಲೇಪ ದಪ್ಪಗಿದ್ದರೆ ಒಳಗಿನ ಲೋಹ ಕಾಣಲ್ಲ. ಹಳೇ ನಾಣ್ಯದ ಮೇಲ್ಮೈಯಿಂದ ತಾಮ್ರ ಹೋಗಿ 92ಕ್ಕಿಂತ ಹೆಚ್ಚೇ ತೋರಿಸುತ್ತೆ. ನೀರಿನ ಲೆಕ್ಕ ಇಡೀ ನಾಣ್ಯದ್ದು, ಲೇಪ ಅದನ್ನ ಮೋಸ ಮಾಡೋಕಾಗಲ್ಲ. ಎರಡೂ ಮಾಡಿದರೆ ಇನ್ನೂ ಒಳ್ಳೇದು.

ಪಾವಲಿ_ಕೋಲಾರ:
ಈಗ ದರ. ಪಾವಲಿಗಳ ತೂಕ ಕೊಡಿ.

ಎರಡಾಣೆ_ಹುಡುಗ:
ಹಳೇ 7 ಸೇರಿ 19.71 ಗ್ರಾಂ, ಕೊಂಡಿಯದ್ದೂ ಸೇರಿ. 1943–45ರ 4 ಸೇರಿ 11.44.

ಪಾವಲಿ_ಕೋಲಾರ:
ಎರಡಾಣೆ 24ರ ಒಟ್ಟು 33.91, ಖೋಟಾ 1.42 ತೆಗೆದರೆ 32.49. ಇದಕ್ಕೆ 0.917 ಹಾಕಿ: 29.79 ಗ್ರಾಂ ಅಪ್ಪಟ ಬೆಳ್ಳಿ. ಹಳೇ ಪಾವಲಿ 18.07, ಕೊಂಡಿ ಇರೋದರಿಂದ ಸ್ವಲ್ಪ ಕಡಿಮೆಯೇ ಹಿಡೀರಿ. ಅರ್ಧ ಬೆಳ್ಳಿಯ ನಾಲ್ಕಕ್ಕೆ 5.72. ಸಿಲೋನ್‌ದು 0.93. ಅವತ್ತಿನ ಬೆಳ್ಳಿ ದರಕ್ಕೆ ಇವನ್ನ ಗುಣಿಸಿ.

ಆ ನಾಲ್ಕು ಪಾವಲಿಗೂ 92ರ ದರ ಕೊಟ್ಟರೆ ಇಲ್ಲದ ಬೆಳ್ಳಿಗೆ 4.77 ಗ್ರಾಂ ದುಡ್ಡು ಕೊಟ್ಟ ಹಾಗೆ. ಅವುಗಳ ಲೋಹ 50 ಪಾಲು ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು. ಸವೆದಾಗ ಹಳದಿ ಮಿಶ್ರಿತ ಬೂದು ಬಣ್ಣ ಬರುತ್ತೆ, ಪಕ್ಕದಲ್ಲಿ ಹಳೇ ಪಾವಲಿ ಇಟ್ಟರೆ ಕಣ್ಣಿಗೇ ಗೊತ್ತಾಗುತ್ತೆ. ಬದಲಾವಣೆ ಆಗಿದ್ದು 1940ರಲ್ಲಿ, ಆ ಇಸವಿಯ ಪಾವಲಿ ಎಲ್ಲಾದರೂ ಸಿಕ್ಕರೆ ನೀರಲ್ಲಿ ಹಾಕದೆ ನಂಬಬೇಡಿ. ನಾಲ್ಕರಲ್ಲಿ ಹಿಂಬದಿ ಸಣ್ಣ "ಎಲ್" ಅಕ್ಷರ ಇದ್ದರೆ ಅದು ಲಾಹೋರ್ ಟಂಕಸಾಲೆಯದ್ದು, ಬೇರೆ ಎತ್ತಿಡಿ.

ಮಧುಗಿರಿ_ಮೇಷ್ಟ್ರು:
ಬರೀ ಕರಗಿಸೋ ಲೆಕ್ಕವೇ ಆಯ್ತಲ್ಲ! ಆ 23 ಎರಡಾಣೆಯಲ್ಲಿ ಯಾವ್ಯಾವ ಬಗೆ ಇವೆ ಅಂತ ಯಾರೂ ಕೇಳಲಿಲ್ಲ.

ಟಂಕಸಾಲೆ:
ಮೇಷ್ಟ್ರು ಹೇಳಿದ್ದೇ ಮುಖ್ಯ. ಬೆಳ್ಳಿ ಎರಡಾಣೆಯ ಬಗೆಗಳನ್ನ ಪೂರ್ತಿ ಕೂಡಿಸೋದು ಸಾಮಾನ್ಯರ ಕೈಗೆಟುಕೋ ಕೆಲಸ. 1835ರ ನಾಲ್ಕನೇ ವಿಲಿಯಂ ಸರಣಿಯಲ್ಲಿ ಪಾವಲಿವರೆಗೆ ಮಾತ್ರ ಇದೆ, ಎರಡಾಣೆ ಶುರುವಾಗಿದ್ದು 1841ರ ಇಸವಿಯಿಂದ, ಕಂಪನಿ ಕಾಲದ್ದು, ಕಿರೀಟವಿಲ್ಲದ ಎಳೇ ವಿಕ್ಟೋರಿಯಾ. ಅದರಲ್ಲೇ ಎರಡು ಬಗೆ: ರಾಣಿಯ ಹೆಸರು ತಲೆ ಮೇಲೆ ಒಂದೇ ಸಾಲಾಗಿ ಸುತ್ತಿರೋದು ಒಂದು, ತಲೆಯ ಎಡಕ್ಕೂ ಬಲಕ್ಕೂ ಒಡೆದಿರೋದು ಇನ್ನೊಂದು. ಆಮೇಲೆ 1862ರ ಕಿರೀಟಧಾರಿ "ಕ್ವೀನ್". 1877ರ ಜನವರಿ 1ಕ್ಕೆ ಚಕ್ರವರ್ತಿನಿ ಅಂತ ಘೋಷಿಸಿದ ಮೇಲೆ "ಎಂಪ್ರೆಸ್". 1903ರಿಂದ 1910ರವರೆಗೆ ಕಿರೀಟವಿಲ್ಲದ ಏಳನೇ ಎಡ್ವರ್ಡ್. 1911ರ ಐದನೇ ಜಾರ್ಜ್, ಕೊನೆಗೆ 1912–17ರ ಐದನೇ ಜಾರ್ಜ್. ಒಟ್ಟು ಏಳು.

1862 ಅಂತ ಇದ್ದರೆ ಅದೇ ವರ್ಷ ಟಂಕಿಸಿದ್ದು ಅಂತ ತಿಳೀಬೇಡಿ, ಆ ಇಸವಿಯನ್ನ ಬದಲಾಯಿಸದೆ ವರ್ಷಗಟ್ಟಲೆ ಟಂಕಿಸಿದ್ದಾರೆ.

ನಂದಿಬೆಟ್ಟ_ನಾಣ್ಯ:
1911ನ್ನ ಯಾಕೆ ಬೇರೆ ಎಣಿಸಬೇಕು ಅಂತ ಹೊಸಬರಿಗೆ ಹೇಳಿ. ರಾಜನ ನಿಲುವಂಗಿ ಮೇಲೆ ಒಂದು ಆನೆ ಇದೆ. 1911ರದ್ದರಲ್ಲಿ ಸೊಂಡಿಲು ಗಿಡ್ಡ, ನೋಡಿದವರಿಗೆ ಹಂದಿ ಥರ ಕಂಡಿತು. ಗಲಾಟೆ ಆಗಿ 1912ರಲ್ಲಿ ಸೊಂಡಿಲು ಉದ್ದ ಮಾಡಿ, ಕಿವಿ ತಿದ್ದಿದರು. ಎರಡಾಣೆಯಲ್ಲಿ ಆ ಆನೆ ಸಾಸಿವೆಯಷ್ಟು. ಹಾಗಾಗಿ ಬಹಳ ಸವೆದಿದ್ದರೆ ಬಗೆ ತೋರಿಸೋಕೆ ಪ್ರಯೋಜನ ಇಲ್ಲ, ಆನೆ ಕಾಣೋ ಹಾಗಿರೋದನ್ನೇ ಆರಿಸಿ. ಬೆಳಕು ನೇರ ಬೇಡ, ಪಕ್ಕದಿಂದ ಬೀಳಲಿ.

ಎರಡಾಣೆ_ಹುಡುಗ:
ನೋಡಿದೆ. 1862 ಮೂರು, ಎಂಪ್ರೆಸ್ ಒಂಬತ್ತು, ಎಡ್ವರ್ಡ್ ಆರು, 1911 ಒಂದು, ಉಳಿದ ನಾಲ್ಕು 1912ರ ನಂತರದ್ದು. ಕಂಪನಿ ಕಾಲದ್ದು ಒಂದೂ ಇಲ್ಲ. 1911ರಲ್ಲಿ ಆನೆ ಕಾಣುತ್ತೆ!

ಟಂಕಸಾಲೆ:
ಹಾಗಾದರೆ ಏಳರಲ್ಲಿ ಐದು ಒಂದೇ ಏಟಿಗೆ ಸಿಕ್ಕವು. ಬಿಡಬೇಡಿ.

ಹಳೇಬಿಲ್ಲೆ:
ಅರಿಶಿನ ಯಾವ ನೀರಲ್ಲಿ ಬಿಡಿಸಿದ್ರಿ? ವರಮಹಾಲಕ್ಷ್ಮಿ ಪೂಜೆಗೆ ಇಟ್ಟ ನಾಣ್ಯ ಎಲ್ಲರ ಮನೆಯಲ್ಲೂ ಹಾಗೇ ಇರುತ್ತೆ.

ನಂದಿಬೆಟ್ಟ_ನಾಣ್ಯ:
ಬೋರ್‌ವೆಲ್ ನೀರು ಮಾತ್ರ ಬೇಡ. ನಮ್ಮ ಮೂರೂ ಜಿಲ್ಲೆಯ ನೀರು ಗಡಸು, ಒಣಗಿದ ಮೇಲೆ ಉಪ್ಪಿನ ಬಿಳಿ ಚುಕ್ಕೆ ಕೂರುತ್ತೆ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತಂದು ಒಂದು ರಾತ್ರಿ ನೆನೆಸಿ, ಬೆಳಗ್ಗೆ ನೀರು ಬದಲಾಯಿಸಿ. ಸಾಂದ್ರತೆ ನೋಡಿ ಸೋಪು ನೀರಲ್ಲಿ ಅದ್ದಿದ್ದನ್ನೂ ಕೊನೆಗೆ ಇದರಲ್ಲೇ ಜಾಲಿಸಿ. ಎಣ್ಣೆ, ಅಂಟು, ಹಸಿರು ಜಿಗುಟು ಇದ್ದರೆ ಶುದ್ಧ ಅಸಿಟೋನ್‌ನಲ್ಲಿ ಹತ್ತು ನಿಮಿಷ, ಗಾಜಿನ ಬಟ್ಟಲಲ್ಲಿ, ಒಲೆ ದೀಪದಿಂದ ದೂರ, ಕಿಟಕಿ ತೆರೆದು. ಉಗುರುಬಣ್ಣ ತೆಗೆಯೋ ದ್ರವ ಅದರ ಬದಲಿಗೆ ಆಗಲ್ಲ, ಅದರಲ್ಲಿ ಎಣ್ಣೆ, ಸುವಾಸನೆ ಸೇರಿಸಿರ್ತಾರೆ. ಒರೆಸಬೇಡಿ, ಹತ್ತಿ ಬಟ್ಟೆ ಮೇಲಿಟ್ಟು ಒತ್ತಿ ಒಣಗಿಸಿ. ಕಪ್ಪು ಬಣ್ಣ ಹಾಗೇ ಇರಲಿ.

ಅಂಚೆಪೆಟ್ಟಿಗೆ:
ಅಡುಗೆ ಸೋಡಾ ಮತ್ತು ಅಲ್ಯೂಮಿನಿಯಂ ಹಾಳೆ? ಉಜ್ಜೋದೇ ಇಲ್ಲವಲ್ಲ.

ಟಂಕಸಾಲೆ:
ಉಜ್ಜೋದಿಲ್ಲ, ಕಪ್ಪು ಹೋಗೋದೂ ನಿಜ. ಆದರೆ ನೂರು ವರ್ಷದ ಬಣ್ಣ ಪೂರ್ತಿ ಕಿತ್ತುಬಂದು ನಾಣ್ಯ ಸತ್ತ ಬಿಳುಪಾಗುತ್ತೆ. ಕಾಲುಗೆಜ್ಜೆಗೆ ಮಾಡಿ, ನಾಣ್ಯಕ್ಕೆ ಬೇಡ.

ಇಡೋದಕ್ಕೆ ಮೆದುವಾದ ಪಿವಿಸಿ ಪಾಕೀಟು ಬೇಡ, ವಾಸನೆ ಬರೋ ಪ್ಲಾಸ್ಟಿಕ್ ಅದು. ಹಸಿರು ಜಿಗುಟು ಬರೋದು ಅದರಿಂದಲೇ. ಮೈಲಾರ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕಿಟಕಿ ಇರೋ ರಟ್ಟಿನ ಚೌಕ ತಗೊಳ್ಳಿ, ಪಿನ್ ಹೊಡೆದ ಮೇಲೆ ಇಕ್ಕಳದಲ್ಲಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀಚುತ್ತೆ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲಿರೋ ಗಂಧಕ ಬೆಳ್ಳಿ ಮೇಲೆ ಕಪ್ಪು ಪಟ್ಟಿ ಎಳೆಯುತ್ತೆ.

ಹಳೇಬಿಲ್ಲೆ:
ಇನ್ನೊಂದು ಪ್ರಶ್ನೆ. ಹಳೇ ಮನೆ ಪಾಯ ತೆಗೆಯುವಾಗ ಇಂಥ ನಾಣ್ಯದ ಕುಡಿಕೆ ಸಿಕ್ಕರೆ?

ಮಧುಗಿರಿ_ಮೇಷ್ಟ್ರು:
ಜಿಲ್ಲಾಧಿಕಾರಿಗೆ ತಿಳಿಸಬೇಕು. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ಹಂಚಿಕೊಂಡು ಮಾರಿಬಿಟ್ಟರೆ ಅಪರಾಧ, ಯಾವ ಕುಡಿಕೆಯಲ್ಲಿ ಯಾವ ನಾಣ್ಯ ಎಷ್ಟಿದ್ದವು ಅನ್ನೋ ಚರಿತ್ರೆಯೂ ಹೋಗುತ್ತೆ. ಇನ್ನೊಂದು, ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಲ್ಲಿ ಪುರಾತನ ವಸ್ತು. ಇಲ್ಲೇ ಕೊಳ್ಳಬಹುದು, ವಿದೇಶಕ್ಕೆ ಕಳಿಸುವಂತಿಲ್ಲ.

ಎರಡಾಣೆ_ಹುಡುಗ:
ಅಂಗಡಿಯವರಿಗೆ ಲೆಕ್ಕ ತೋರಿಸಿದೆ. 1897ರದ್ದಕ್ಕೂ ಹುಲಿ ಪಾವಲಿಗೂ ದರ ಬಿಟ್ಟರು, ಅರ್ಧ ಬೆಳ್ಳಿಗೆ 50ರ ಲೆಕ್ಕ ಒಪ್ಪಿದರು. ಎಲ್ಲ ತಗೊಂಡೆ. ಕೊಂಡಿ ಬೆಸೆದ ಪಾವಲಿಯಿಂದ ಕೊಂಡಿ ತೆಗೆಸಬಹುದಾ?

ಒರೆಗಲ್ಲು:
ಬೇಡ. ಆಚಾರಿ ಬಿಸಿ ಮಾಡಿದ ಕೂಡಲೇ ಮೇಲ್ಮೈ ಬಣ್ಣ ಹೋಗುತ್ತೆ, ಬೆಸುಗೆ ಗುರುತು ಅಂಚಲ್ಲಿ ಉಳಿದೇ ಉಳಿಯುತ್ತೆ. ಒಡವೆಯಾಗಿ ಬಳಸಿದ್ದು ಅಂತ ಹಾಗೇ ಇಟ್ಟುಕೊಳ್ಳಿ.

ಪಾವಲಿ_ಕೋಲಾರ:
ಆ 1897ರ ಎರಕದ್ದನ್ನ ಬೇರೆ ರಟ್ಟಿನಲ್ಲಿಟ್ಟು ಮೇಲೆ "ಖೋಟಾ, 1.42 ಗ್ರಾಂ, ನೀರು 0.17" ಅಂತ ಬರೀರಿ. ಯಾವ ಕಾರಣಕ್ಕೂ ಮತ್ತೆ ಅಂಗಡಿ ರಾಶಿಗೆ ಸೇರಿಸಬೇಡಿ.